ನಂಜಿನ ಹಾಲು

"ಮತ್ತ ಎದಿಗೆ ಹಚ್ಚಬ್ಯಾಡ," ಎಂದು ಫಕ್ಕೀರವ್ವ ಮೊಮ್ಮಗಳನ್ನು ಸೊಸೆಯ ಮಡಿಲಿಂದ ಎತ್ತಿಕೊಂಡಳು. "ರಕ್ತದಾಗ ನಂಜಾಗೈತಿ ಅಂತ ಡಾಕ್ಟರೇ ಹೇಳ್ಯಾರ. ಬದನಿಕಾಯಿ ತಿಂದಾಕಿ ನೀನು, ಅನುಭವಿಸಾಕತ್ತಿದ್ದು ಕೂಸು."

ಹಲಗೇರಿಯ ನೆಂಟರ ಮನೆಯಲ್ಲಿ ಕಾವೇರಿ ಬದನೆ ಎಣ್ಣೆಗಾಯಿ ತಿಂದದ್ದು ನಿಜ. ಬಾಣಂತನದ ಪಥ್ಯಕ್ಕೆ ನಾಲಿಗೆ ಜಡ್ಡುಗಟ್ಟಿತ್ತು, ತಿಂದಳು. ವಾಂತಿಭೇದಿಯೆಂದು ರಾಣೆಬೆನ್ನೂರಿನ ಈ ಆಸ್ಪತ್ರೆಗೆ ತಂದ ಕೂಸು ಸಲೈನ್ ಏರಿಸಿದ ಮೇಲೆ ನಕ್ಕಿತ್ತು ಕೂಡ. ಆಮೇಲೆ ಬಂದ ಜ್ವರ ಇಳಿಯಲೊಲ್ಲದು. ಕಾವೇರಿ ಕೂರಲಾರಳು, ನಿಲ್ಲಲಾರಳು. ಕಿಟಕಿಗೆ ಹೋಗುವಳು, ತಿರುಗಿ ಬಂದು ಕೂಸಿನ ಹಣೆ ಮುಟ್ಟುವಳು, ಮತ್ತೆ ಬಾಗಿಲಿಗೆ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಬಚ್ಚಲಲ್ಲಿ ಹಿಂಡಿ ಚೆಲ್ಲುವಾಗ ಆ ಹಾಲಿನ ಮೇಲೆ ಅವಳಿಗೇ ಅನುಮಾನ ಬಂತು.

ಮಧ್ಯಾಹ್ನ ಡಾಕ್ಟರ್ ಪುಷ್ಪಲತಾ ಬಂದವರೇ ಕೇಳಿದರು: "ಕೂಸು ಹಾಲು ಕುಡ್ಯಾಕತ್ತೈತೇನು?"

"ನಂಜಿನ ಹಾಲು ಹೆಂಗ ಕುಡಿಸೋದ್ರಿ?" ಎಂದಳು ಫಕ್ಕೀರವ್ವ.

ಡಾಕ್ಟರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಅಮ್ಮಾ, ನಾನು ಅಂದಿದ್ದು ಊಟದ ನಂಜಲ್ಲ. ರಕ್ತದ ರಿಪೋರ್ಟ್ ಬಂದೈತಿ. ಚರ್ಮದ ಮ್ಯಾಲಿನ ಕ್ರಿಮಿ, ಸಲೈನ್ ಸೂಜಿ ಚುಚ್ಚಿದಲ್ಲಿಂದ ಒಳಗ ಹೋಗೈತಿ. ನಮ್ಮ ಕೈಯಿಂದಾನೂ ಹೋಗಿರಬಹುದು, ಹಾಲಿನಿಂದ ಅಲ್ಲ. ಸೂಜಿ ತಗೀತೀವಿ, ಔಷಧಾನೂ ಬದಲಿ ಮಾಡ್ತೀನಿ. ಅಂದಂಗ, ಸೂಜಿ ಮ್ಯಾಲಿನ ಆ ಪಟ್ಟಿ ಯಾರರ ಬಿಚ್ಚಿದ್ರೇನು?"

ಕಾವೇರಿ ಇಲ್ಲವೆಂದು ತಲೆಯಾಡಿಸಿದಳು. ಅರಳು ಹುರಿದಂತೆ ಮಾತಾಡುವ ಫಕ್ಕೀರವ್ವ ಗೋಡೆಯತ್ತ ಮುಖ ಮಾಡಿದಳು. ಅದಕ್ಕೇ ಹೇಳಿದಳು: "ನಾನ ಬಿಚ್ಚಿದ್ದೆ. ಕೂಸಿನ ಕೈ ಬಾತಿತ್ತು. ಮೈಲಾರದ ಭಂಡಾರ, ದೇವರ ಅರಿಷಿಣ, ಒಂದು ಚಿಟಿಕಿ ಒಳಗಿಟ್ಟು ಮತ್ತ ಅಂಟಿಸಿದ್ದೆ. ಲಗೂ ಆರಾಮಾಗಲಿ ಅಂತ."

ಕಾವೇರಿಗೆ ಮೈಯೆಲ್ಲ ಉರಿಯಿತು. ಆಡಬಾರದ ಮಾತೊಂದು ಬಾಯಿಯವರೆಗೆ ಬಂತು. ಆಡದೆ ಕೂಸನ್ನು ಕಸಿದುಕೊಂಡು ಎದೆಗೆ ಹಚ್ಚಿದಳು. ಕೂಸು ಮುಖ ತಿರುವಿತು, ಅತ್ತಿತು, ಕಡೆಗೆ ಹಿಡಿಯಿತು. ಈಗ ಅತ್ತವಳು ಕಾವೇರಿ.

ಹೊಸ ಔಷಧ ಶುರುವಾದ ಮೇಲೂ ಜ್ವರ ಏರಿಳಿಯುತ್ತ ಕಾಡಿ, ಕಡೆಗೊಂದು ಬೆಳಿಗ್ಗೆ ಕೂಸಿನ ಮೈ ತಣ್ಣಗಾಗಿ ಬೆವರಿತು. ಪಟ್ಟಿಯ ವಿಷಯ ಬಾಯಿಬಿಟ್ಟ ದಿನದಿಂದ ಅತ್ತೆ ಮಂಚದ ಹತ್ತಿರ ಬಂದಿರಲಿಲ್ಲ, ಬಾಗಿಲ ಬಳಿಯೇ ಕೂತಿದ್ದಳು.

"ಅತ್ತೀ, ಕೂಸಿನ್ನ ಹಿಡೀರಿ, ಜಳಕ ಮಾಡಿ ಬರ್ತೇನಿ."

ಫಕ್ಕೀರವ್ವ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. "ತಡಿ, ಕೈ ತೊಳ್ಕೊಂಡ ಬರ್ತೇನಿ."

"ಈಗಷ್ಟ ತೊಳ್ಕೊಂಡ ಬಂದೀರಲ್ಲ."

ಅವಳಾಗಲೇ ಹೊರಗೆ ಹೋಗಿದ್ದಳು. ಕೂಸನ್ನು ಚಾಚಿ ಹಿಡಿದು ಕಾವೇರಿ ಕಾದಳು. ಹೊರಗೆ ನಲ್ಲಿಯ ನೀರು ಸುರಿಯುತ್ತಲೇ ಇತ್ತು.