ಟೆಸ್ಟ್ ಎಂಬ ಹೆಸರಿನ ವಾಲ್ಯೂಮ್

ಸುಪ್ರಿಯಾ ಸಾಗರದ ಆಸ್ಪತ್ರೆಯ ಸರ್ವರ್ ಕೋಣೆಗೆ ಕೆಲಸಕ್ಕೆ ಸೇರಿ ಬಹಳ ಕಾಲವಾಗಿರಲಿಲ್ಲ. ಅದೇ ಆಡಳಿತಕ್ಕೆ ಹೊಸನಗರದಲ್ಲೊಂದು, ತೀರ್ಥಹಳ್ಳಿಯಲ್ಲೊಂದು ಆಸ್ಪತ್ರೆಯಿತ್ತು. ಮೂರೂ ಊರಿನ ಎಕ್ಸ್‌ರೇ ಚಿತ್ರಗಳು ಬಂದು ಸೇರುತ್ತಿದ್ದುದು ಸಾಗರದ ಒಂದೇ ಸ್ಟೋರೇಜ್ ಪೆಟ್ಟಿಗೆಗೆ. ಪಕ್ಕದ ಸರ್ವರ್‌ನೊಳಗೆ ಊರಿಗೊಂದರಂತೆ, ಬೇರೆಬೇರೆ ಕಂಪ್ಯೂಟರುಗಳಂತೆ ನಡೆಯುವ ಮೂರು ವರ್ಚುವಲ್ ಮಷೀನುಗಳಿದ್ದವು. ಪೆಟ್ಟಿಗೆಯ ಜಾಗವನ್ನು ವಾಲ್ಯೂಮ್‌ಗಳಾಗಿ ಪಾಲು ಮಾಡಿ ಅವಕ್ಕೆ ಜೋಡಿಸಿದ್ದರು. ಯಾವ ಪಾಲು ಯಾರದು ಎಂದು ಸರ್ವರ್ ಕೋಣೆಯ ಉಸ್ತುವಾರಿ ಪರದೆಗೆ ವರದಿ ಒಪ್ಪಿಸಲು ಪ್ರತಿ ಮಷೀನಿನೊಳಗೂ ಏಜೆಂಟ್ ಎಂಬ ಚಿಕ್ಕ ಪ್ರೋಗ್ರಾಮ್ ಇತ್ತು.

ಹೊಸನಗರದ ಪಾಲು ತುಂಬುತ್ತ ಬಂದಿತ್ತು. ಅದಕ್ಕೆ ಇನ್ನೊಂದು ವಾಲ್ಯೂಮ್ ಜೋಡಿಸುವ ಕೆಲಸ ಸುಪ್ರಿಯಾಳಿಗೆ ಬಂತು. ಪರದೆ ನೋಡಿದರೆ ಒಂದು ವಾಲ್ಯೂಮ್ ಯಾರದೂ ಅಲ್ಲವೆಂಬಂತೆ ಬಿದ್ದಿತ್ತು. ಹೆಸರು ‘ಟೆಸ್ಟ್’. ಮೊದಲು ಈ ಕೆಲಸ ನೋಡುತ್ತಿದ್ದ ಕಂಪನಿಯವರು ಬಿಟ್ಟುಹೋದದ್ದಿರಬೇಕು.

ಮೇಲಧಿಕಾರಿ ರಾಜೇಂದ್ರ ಬಾಗಿಲಲ್ಲೇ ನಿಂತು ನೋಡಿದರು. "ಟೆಸ್ಟ್ ಅಂತ ಹೆಸರೇ ಹೇಳ್ತದಲ್ಲ. ಅಳಿಸಿ ಫಾರ್ಮ್ಯಾಟ್ ಮಾಡಿ, ಹೊಸನಗರಕ್ಕೆ ಕೊಟ್ಬಿಡಿ."

ಮೌಸ್ ಒತ್ತುವುದಷ್ಟೇ ಬಾಕಿ. ಆದರೆ ಆ ವಾಲ್ಯೂಮಿನ ಓದು–ಬರಹ ತೋರಿಸುವ ಗೆರೆ ಆಗೊಮ್ಮೆ ಈಗೊಮ್ಮೆ ಮೇಲೇಳುತ್ತಿತ್ತು. ಯಾರದೂ ಅಲ್ಲದ ಜಾಗದಲ್ಲಿ ಬರೆಯುತ್ತಿರುವವರು ಯಾರು? ಸುಪ್ರಿಯಾಳಿಗೆ ಭಯಕ್ಕಿಂತ ಹೆಚ್ಚಾಗಿ ಕುತೂಹಲವೇ ಹತ್ತಿತು. ಸ್ವಲ್ಪ ಹೊತ್ತು ಕೊಡಿ ಸರ್ ಎಂದಳು. ಅದು ಎಲ್ಲದರ ನಕಲು ತೆಗೆಯುವ ಬ್ಯಾಕಪ್ಪಿನ ಓಡಾಟವಿರಬಹುದು ಎಂದ ರಾಜೇಂದ್ರ, ಬೇಡವೆನ್ನದೆ ಕುರ್ಚಿ ಎಳೆದುಕೊಂಡು ಕೂತರು.

ಅವಳು ಬ್ಯಾಕಪ್ಪನ್ನು ಸ್ವಲ್ಪ ಹೊತ್ತು ನಿಲ್ಲಿಸಿದಳು. ಗೆರೆ ಮತ್ತೆ ಎದ್ದಿತು. ಸಾಗರದ ಎಕ್ಸ್‌ರೇ ಕೋಣೆ ಆಗ ಖಾಲಿಯಿತ್ತು, ಅಲ್ಲಿಂದೇನೂ ಬರುತ್ತಿರಲಿಲ್ಲ. ಹೊಸನಗರದ ಎಕ್ಸ್‌ರೇ ತಂತ್ರಜ್ಞೆ ರಕ್ಷಾಳಿಗೆ ಫೋನ್ ಮಾಡಿದರೆ, ಕರೆಂಟ್ ಹೋಗಿ ಯಂತ್ರವೇ ಆಫ್ ಆಗಿದೆ ಎಂಬ ಉತ್ತರ ಬಂತು. ಉಳಿದದ್ದು ತೀರ್ಥಹಳ್ಳಿ. ಅದರ ಪಾಲು ಬೇರೆ, ಎಲ್ಲ ಸರಿಯಿದೆ ಎಂದು ಪರದೆ ಹಸಿರು ತೋರಿಸುತ್ತಿತ್ತು. ಆದರೂ ಅವಳು ಅಲ್ಲಿನ ತಂತ್ರಜ್ಞ ಪೂರ್ಣೇಶನಿಗೆ ಫೋನ್ ಹಚ್ಚಿದಳು.

ಅವನ ಮುಂದೆ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಊದಿಸಿಕೊಂಡ ಹೂವಯ್ಯ ಎಂಬ ಹಿರಿಯರು ಕೂತಿದ್ದರಂತೆ. ಚಿತ್ರ ತೆಗೆದಾಗಿತ್ತು, ಕಳಿಸುವುದಿತ್ತು. ಕಳಿಸುವಾಗ ಹೇಳಿ ಎಂದು ಸುಪ್ರಿಯಾ ಕೇಳಿಕೊಂಡಳು.

"ಎಂತಕ್ಕೆ ಮೇಡಂ?"

"ಒಂದು ನೋಡ್ಬೇಕಿತ್ತು."

"ಹ್ಞಾಂ, ಕಳಿಸ್ದೆ."

ಗೆರೆ ನೆಟ್ಟಗೆ ಮೇಲೆದ್ದು ಇಳಿಯಿತು. ರಾಜೇಂದ್ರ ಕುರ್ಚಿಯಿಂದ ಮುಂದೆ ಬಾಗಿದರು. ಇನ್ನೊಮ್ಮೆ ಕಳಿಸಲು ಹೇಳಿದಾಗಲೂ ಹಾಗೆಯೇ ಆಯಿತು.

ಸುಪ್ರಿಯಾ ತೀರ್ಥಹಳ್ಳಿಯ ಮಷೀನಿನೊಳಗೆ ಹೊಕ್ಕು ನೋಡಿದಳು. ಅಲ್ಲಿನ ಏಜೆಂಟ್ ಯಾವುದೋ ಅಪ್‌ಡೇಟ್ ಆದ ಮೇಲೆ ನಿಂತೇಹೋಗಿತ್ತು. ಪರದೆ ಅದರ ಕೊನೆಯ ವರದಿಯನ್ನೇ ಹಿಡಿದುಕೊಂಡು ಹಸಿರು ತೋರಿಸುತ್ತಿತ್ತು. ಅದಾದ ಮೇಲೆ ಹಳೆಯ ಪಾಲು ತುಂಬಿದಾಗ ಕಂಪನಿಯವರು ಪರೀಕ್ಷೆಗೆಂದು ಈ ವಾಲ್ಯೂಮನ್ನು ಮಷೀನಿನ ಒಳಗಿನಿಂದಲೇ ನೇರ ಜೋಡಿಸಿ, ಹೆಸರೂ ಬದಲಿಸದೆ ಹಾಗೇ ಬಿಟ್ಟಿದ್ದರು. ಅಂದಿನಿಂದ ಬಂದ ತೀರ್ಥಹಳ್ಳಿಯವರ ಮುರಿದ ಮೂಳೆಗಳು, ಕಫ ಕಟ್ಟಿದ ಎದೆಗಳು, ಎಲ್ಲವೂ ‘ಟೆಸ್ಟ್’ ಒಳಗಿದ್ದವು. ಹೂವಯ್ಯನವರ ಮಣಿಕಟ್ಟಿನ ಚಿತ್ರ ಎಲ್ಲಕ್ಕಿಂತ ಮೇಲಿತ್ತು.

ರಾಜೇಂದ್ರ ಆ ಚಿತ್ರವನ್ನೇ ನೋಡಿದರು. ಆಮೇಲೆ ನಿಧಾನವಾಗಿ, "ನಾನು ಅಳಿಸಿ ಅಂದಿದ್ದೆ," ಎಂದರು.

"ಪರದೆ ನೋಡಿದ್ರೆ ಯಾರಾದ್ರೂ ಹಾಗೇ ಅಂತಿದ್ರು ಸರ್."

ಅವಳು ಏಜೆಂಟನ್ನು ಮತ್ತೆ ಎಬ್ಬಿಸಿದಳು. ಕ್ಷಣದಲ್ಲೇ ಪರದೆಯ ಮೇಲೆ ವಾಲ್ಯೂಮಿನ ಪಕ್ಕ ತೀರ್ಥಹಳ್ಳಿ ಎಂಬ ಹೆಸರು ಮೂಡಿತು. ಪೆಟ್ಟಿಗೆಯಲ್ಲಿ ಇನ್ನೂ ಪಾಲು ಮಾಡದೆ ಉಳಿದಿದ್ದ ಜಾಗದಲ್ಲಿ ಹೊಸದೊಂದು ವಾಲ್ಯೂಮ್ ಮಾಡಿ, ಹೊಸನಗರಕ್ಕೆ ಜೋಡಿಸಿ, ಅಲ್ಲಿನ ಏಜೆಂಟ್ ಅದನ್ನು ಕಂಡಿದೆಯೇ ಎಂದು ಖಾತ್ರಿ ಮಾಡಿಕೊಂಡಳು.

ಕೆಲಸ ಮುಗಿಯಿತೆಂದು ಅವಳು ಏಳುವಷ್ಟರಲ್ಲಿ ರಾಜೇಂದ್ರ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ನಮ್ಮ ಸಾಗರದ್ದೂ ಹಸಿರೇ ತೋರಿಸ್ತಿದೆ. ಅದು ಇವತ್ತಿನ ಮಾತಾ, ಹಳೇದಾ? ನೋಡೋಣ್ವಾ?"

ಸುಪ್ರಿಯಾ ಮತ್ತೆ ಕೂತಳು.