ನಂಜುಂಡನ್ ಕೈ ಎತ್ತಿದ್ದು

ಭೂಪತಿ ಎರಡನೇ ಆಡಿನ ಕೊರಳಿಗೆ ಹಗ್ಗ ಹಾಕುತ್ತಿದ್ದಾಗ ನಂಜುಂಡನ್ ಹೆಣಕ್ಕೆ ಇನ್ನೂ ನೀರು ಹೊಯ್ದಿರಲಿಲ್ಲ.

ಸುಬ್ಬಾತಾಳ್ ಗಂಡನ ತಲೆಯ ಪಕ್ಕ ಕುಳಿತು ಅದನ್ನೇ ನೋಡುತ್ತಿದ್ದಳು. ಕಣ್ಣಿಗೆ ಕಾಣುತ್ತಿತ್ತು, ಬುದ್ಧಿಗೆ ಹತ್ತುತ್ತಿರಲಿಲ್ಲ. ಬೆಳಗ್ಗೆ ಸಗಣಿ ಬುಟ್ಟಿ ಹೊತ್ತು ಹೋದವನು ತಿಪ್ಪೆಯ ಹತ್ತಿರ ಕುಸಿದಿದ್ದ. ಅವಳು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಿನಾಶಿಯಿಂದ ತವರಿನವರು ಬಂದಿಳಿದಾಗ, ‘ಯಾರ್ ಬಂದವ್ರೆ ನೋಡಿ’ ಎಂದು ಅವನನ್ನೇ ಕೂಗಲು ಬಾಯಿ ತೆರೆದು, ಮುಚ್ಚಿಕೊಂಡಿದ್ದಳು.

“ಎಲ್ಲಾನೂ ಓಡಿಸ್ಕೊಂಡು ಹೋಗಪ್ಪಾ,” ಮೈದುನ ಬಾಲಸುಬ್ರಮಣಿಯನ್ ಆಡಿನ ವ್ಯಾಪಾರಿ ಭೂಪತಿಗೆ ಹೇಳುತ್ತಿದ್ದ. “ಹಸೂಗೆ ಬೇರೆಯವ್ರಿಗೆ ಹೇಳಿವ್ನಿ. ಕೋಳಿ ಸಂಜೆಗೆ. ಅತ್ತಿಗೆ ಒಬ್ರೇ ಎಷ್ಟಂತ ಸಾಯೋದು?” ಎಂದವನು ನಾಲಿಗೆ ಕಚ್ಚಿಕೊಂಡ.

“ಒಳ್ಳೇ ಮೈದುನ. ಭಾರ ಇಳಿಸ್ತಾವ್ನೆ,” ಎಂದಳು ಪಕ್ಕದ ಮನೆ ಮುದುಕಿ.

“ಹೊಂಡದ ಮೀನೊಂದು ಬಾಕಿ,” ಮತ್ತೊಬ್ಬಳು ಪಿಸುಗುಟ್ಟಿದಳು. “ಅದಕ್ಕೂ ಹಗ್ಗ ಹಾಕ್ತಾನೇನೋ.”

* * *

ಮಳೆ ನಂಬಿ ಜೋಳ, ಕಡಲೆಕಾಯಿ ಬಿತ್ತುವ ಊರು. ಹಿಂದೊಮ್ಮೆ ಕೃಷಿ ಇಲಾಖೆಯವರು ಬಂದು, ಬೆಳೆಯ ಜೊತೆ ಹಸು, ಆಡು, ಕೋಳಿ, ಹೊಂಡದಲ್ಲಿ ಮೀನು, ಎಲ್ಲವನ್ನೂ ಒಂದೇ ಹೊಲದಲ್ಲಿ ಸಾಕಿ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತೆ ಎಂದರು. ಯಾರು ತಯಾರು ಎಂದು ಕೇಳಿದಾಗ ಗಂಡಸರೆಲ್ಲ ತಮ್ಮ ಚಪ್ಪಲಿ ನೋಡಿಕೊಂಡರು. ನಂಜುಂಡನ್ ಒಬ್ಬ ಕೈ ಎತ್ತಿದ.

ಮನೆಯಲ್ಲಿ ಸುಬ್ಬಾತಾಳ್ ಒಂದೇ ಮಾತು ಕೇಳಿದಳು. “ಕೈ ಎತ್ತಿದ್ದು ನೀವು. ಸಗಣಿ ಎತ್ತೋದು ಯಾರು?”

ಅವನ ಮುಖ ಪೆಚ್ಚಾಯಿತು. ನಿಜಕ್ಕೂ ಅದು ಹೊಳೆದೇ ಇರಲಿಲ್ಲ.

“ಬೇಡ ಅಂದ್ರೆ ನಾಳೆ ಹೋಗಿ ಕೈ ಇಳಿಸಿ ಬತ್ತೀನಿ.”

“ಊರ ಮುಂದೆ ನಗೆಪಾಟಲಾಗೋದು ಬೇಡ. ಇನ್ಮೇಲಾದ್ರೂ ಕೇಳಿ ಮಾಡಿ.”

ಹಸು ಬಂದ ದಿನದಿಂದ ಬುಟ್ಟಿ ಅವನೇ ಹೊತ್ತ. ಟೀ ಅಂಗಡಿಯಲ್ಲಿ ‘ಸಗಣಿ ನಂಜುಂಡ’ ಎಂದರೆ ನಕ್ಕ. ಒಂದು ಕೋಳಿ ಮಾರಬೇಕಾದರೂ “ನೀ ಏನ್ ಹೇಳ್ತಿಯ?” ಎಂದು ಅವಳ ಮುಂದೆ ಬಂದು ನಿಲ್ಲುತ್ತಿದ್ದ. ಕೆಲವು ದಿನ ಅವಳಿಗೇ ರೇಜಿಗೆಯಾಗುತ್ತಿತ್ತು.

* * *

ಗಂಡ ಸತ್ತವಳಿಗೆಂದು ತವರಿನವರು ತಂದ ಹೊಸ ಸೀರೆಯನ್ನು ಹೆಂಗಸರು ಅವಳ ಹೆಗಲಿಗೆ ಹೊದಿಸಿದರು. ಆಗ ಸುಬ್ಬಾತಾಳ್‌ಗೆ ತಟ್ಟಿತು: ಇನ್ನು ತನ್ನನ್ನು ಕೇಳುವವರು ಯಾರೂ ಇಲ್ಲ. ಎದ್ದಳು.

“ಹೆಣ ಬಿಟ್ಟು ಎಲ್ಲಿಗಮ್ಮಾ?” ಮುದುಕಿ ಕಿರುಚಿದಳು. ತಮಟೆ ನಿಂತಿತು.

ಸುಬ್ಬಾತಾಳ್ ನೆಟ್ಟಗೆ ಕೊಟ್ಟಿಗೆಯ ಮುಂದಕ್ಕೆ ಹೋಗಿ ಆಡುಗಳ ಕೊರಳಿನ ಹಗ್ಗ ಬಿಚ್ಚಿದಳು.

“ಯಾರನ್ನ ಕೇಳಿ ಕಟ್ಟಿದೆ?”

ಭೂಪತಿ ಬಾಲಸುಬ್ರಮಣಿಯನ್ ಕಡೆ ತಿರುಗಿದ.

“ಅವ್ರ ಮುಖ ಯಾಕ್ ನೋಡ್ತಿಯ? ಆಡು ನನ್ನದು.”

“ಅತ್ತಿಗೆ, ನಿಮ್ ಒಳ್ಳೇದಕ್ಕೇ...”

“ನಿಮ್ಮಣ್ಣ ಕೈ ಎತ್ತಿದ್ದೂ ಒಳ್ಳೇದಕ್ಕೇ. ಆಮೇಲಾದ್ರೂ ಅವ್ರು ನನ್ನ ಕೇಳಿದ್ರು.”

ಆಡುಗಳನ್ನು ಕೊಟ್ಟಿಗೆಯೊಳಗೆ ಅಟ್ಟಿ, ತಾನೂ ಹೋಗಿ ಅಗುಳಿ ಹಾಕಿಕೊಂಡಳು. ಬೆಳಗಿನಿಂದ ಬಾರದಿದ್ದ ಅಳು ಆಡುಗಳ ನಡುವೆ ಬಂತು. ಭೂಪತಿ ಹಗ್ಗ ಸುತ್ತಿಕೊಂಡು ಹೊರಟ.

ಸ್ವಲ್ಪ ಹೊತ್ತಿಗೆ ಬಾಲಸುಬ್ರಮಣಿಯನ್ ಮತ್ತೆ ಬಂದ. ಬಿಳಿ ಪಂಚೆ ಎತ್ತಿ ಕಟ್ಟಿದ್ದ. ಎತ್ತಿ ಅಭ್ಯಾಸವಿಲ್ಲದವರು ಕೂಸನ್ನು ಹಿಡಿಯುವ ಹಾಗೆ, ಎರಡೂ ತೋಳಲ್ಲಿ ಜೋಳದ ಸೊಪ್ಪೆಯ ಹೊರೆ ಹಿಡಿದಿದ್ದ.

“ಅತ್ತಿಗೆ,” ಎಂದ ಹೊರಗಿನಿಂದಲೇ. “ಇದನ್ನ ಎಲ್ಲಿ ಹಾಕ್ಲಿ?”

ಅವಳು ಅಗುಳಿ ತೆಗೆದು ಪಕ್ಕಕ್ಕೆ ಸರಿದಳು. ಅವನು ಒಳಗೆ ಕಾಲಿಡುವ ಮೊದಲೇ ಆಡುಗಳು ನುಗ್ಗಿ ತೋಳಿನಿಂದಲೇ ಸೊಪ್ಪೆ ಎಳೆಯತೊಡಗಿದವು. ಅವನು ಅಲುಗಾಡದೆ ನಿಂತ. ಒದ್ದೆಯಾದ ಕೆನ್ನೆ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.