ಮೂಲೆ ಮನೆಯ ಇನ್ನೂರ ನಲವತ್ತು ಅಡಿ

ಗಾಲಿಕುರ್ಚಿ ಹಿಡಿದ ಮೇಲೆ ವರ್ನಾಳ ಗಂಡ ಆರ್ವಿಡ್ ಕೊರಗಿದ್ದು ಒಂದಕ್ಕೇ, ಬೆಳಗಿನ ಕಾಫಿಗೆ. ಕಾಫಿ ಮನೆಯಲ್ಲೂ ಸಿಗುತ್ತಿತ್ತು, ನಿಜ. ಆದರೆ ಎಲ್ಸ್‌ಬಿ ಊರಿನ ಗಂಡಸರು ಏಳು ಗಂಟೆಗೆ ಕೆಫೆಯಲ್ಲಿ ಸೇರಿ, ಚರ್ಮದ ಲೋಟದಲ್ಲಿ ದಾಳ ಕುಲುಕಿ, ಸೋತವನಿಂದ ಎಲ್ಲರ ಕಾಫಿಯ ದುಡ್ಡು ಕಕ್ಕಿಸುತ್ತಾರಲ್ಲ, ಆ ಗಮ್ಮತ್ತು ಮನೆಯಲ್ಲಿ ಎಲ್ಲಿಂದ ಬರಬೇಕು? ಕೆಫೆ ಬೀದಿಯ ತುದಿಯಲ್ಲೇ ಇತ್ತು. ಬೀದಿಯ ಸಡಿಲ ಜಲ್ಲಿಯಲ್ಲಿ ಗಾಲಿ ಹೂತುಹೋಗುತ್ತಿತ್ತು. ಅವನನ್ನು ಕಾರಿಗೆ ಎತ್ತಿ ಕೂರಿಸಲು ಅವಳ ಸೊಂಟ ಒಪ್ಪುತ್ತಿರಲಿಲ್ಲ.

ಅಷ್ಟರಲ್ಲಿ ಬೀದಿಗೆ ಡಾಂಬರು ಹಾಕುವ ಮಾತು ಬಂತು. ಖರ್ಚು ಬೀದಿಯ ಮನೆಗಳ ಮೇಲೆ, ಅಡಿ ಲೆಕ್ಕದಲ್ಲಿ, ವರ್ಷ ವರ್ಷ ಕಂತಾಗಿ. ಆದ್ದರಿಂದ ವೋಟೂ ಮನೆಯವರದ್ದೇ, ಬೀದಿಗೆ ತಾಗಿದ ಜಾಗದ ಅಡಿಗೊಂದು. ಮೂಲೆ ಮನೆಯ ಡೆಲ್ಮರ್‌ನದು ಎರಡೂ ಬದಿ ಸೇರಿ ಇನ್ನೂರ ನಲವತ್ತು ಅಡಿ.

"ಎರಡೂ ಕಡೆಯಿಂದ ಬೋಳಿಸ್ತಾರೆ ನನ್ನ. ನಲವತ್ತು ವರ್ಷ ಜಲ್ಲಿ ಮೇಲೇ ಓಡಾಡಿದೀನಿ, ಸತ್ತೇನೂ ಹೋಗಿಲ್ಲ," ಎಂದು ಅವನು ಊರೆಲ್ಲ ಸಾರಿಕೊಂಡು ಬಂದಿದ್ದ.

ಪಟ್ಟಣ ಕಚೇರಿಯ ಗುಮಾಸ್ತೆ ವರ್ನಾಳೇ. ಕೊನೆಯ ದಿನ ಮಧ್ಯಾಹ್ನ ಡೆಲ್ಮರ್‌ನ ವೋಟಿನ ಲಕೋಟೆ ಅಂಚೆಯಲ್ಲಿ ಬಂತು. ಸರ್ಕಾರದವರು ಇಣುಕಿಯಾರೆಂದು ಪುಣ್ಯಾತ್ಮ ಮೂರು ಸುತ್ತು ಟೇಪು ಸುತ್ತಿದ್ದ. ಆ ಗಡಿಬಿಡಿಯಲ್ಲಿ ಹೊರಗೆ ಸಹಿ ಹಾಕುವುದನ್ನೇ ಮರೆತಿದ್ದ. ಸಹಿಯಿಲ್ಲದ ಲಕೋಟೆ ಒಡೆಯುವಂತಿಲ್ಲ. ಅದು ಕಸದ ಬುಟ್ಟಿಗೆ ಹೋದರೆ ಡಾಂಬರು ಖಂಡಿತ.

ಫೋನ್ ಮಾಡಿ ನೆನಪಿಸಬೇಕೆಂಬ ನಿಯಮವೇನೂ ಇರಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ, ಮರೆತವರಿಗೆಲ್ಲ ಅವಳು ಸಂಜೆ ಐದಕ್ಕೆ ಕಚೇರಿ ಮುಚ್ಚುವುದರೊಳಗೆ ಫೋನ್ ಮಾಡುತ್ತಿದ್ದಳು. ಅವತ್ತು ಬೆಳಿಗ್ಗೆಯೂ ಒಬ್ಬ ಮುದುಕಿಗೆ ಮಾಡಿದ್ದಳು. ಅವನ ಟೇಪಿಗೂ ತನ್ನ ಹಣೆಬರಹಕ್ಕೂ ಶಾಪ ಹಾಕುತ್ತಾ ಫೋನ್ ಎತ್ತಿದಳು.

ಡೆಲ್ಮರ್ ಬಂದು ಸಹಿ ಹಾಕಿದ. "ನಾನು ಬೇಡ ಅಂತ ಹಾಕಿರೋದು ಗೊತ್ತಿದ್ದೂ ಕರೆದ್ಯಾ?"

"ಊರಿಗೇ ಗೊತ್ತು. ಪೆನ್ನು ಅಲ್ಲಿಟ್ಟು ಹೊರಡು ಮಾರಾಯ."

ಅರವತ್ತು ಅಡಿಯ ಅಂತರದಲ್ಲಿ ಡಾಂಬರು ಸೋತಿತು. ಆ ಸಂಜೆ ಗಂಡನೆದುರು ವರ್ನಾ ಅತ್ತೇಬಿಟ್ಟಳು. ಆರ್ವಿಡ್ ಅವಳ ಕೈ ತಟ್ಟಿದ. "ನೀನು ಫೋನ್ ಮಾಡ್ದೆ ಇದ್ದಿದ್ರೆ, ಇವಳು ಯಾರಪ್ಪಾ ಮನೇಲಿರೋದು ಅಂತ ನಾನು ಹೆದರ್ಕೋತಿದ್ದೆ," ಎಂದ.

ಶನಿವಾರ ಬೆಳಿಗ್ಗೆ ಬಾಗಿಲ ಮುಂದೆ ಗುಡುಗುಡು ಸದ್ದು. ಡೆಲ್ಮರ್ ಟ್ರ್ಯಾಕ್ಟರಿಗೆ ರೋಲರ್ ಕಟ್ಟಿಕೊಂಡು, ಕೆಫೆಯಿಂದ ಅವರ ಮನೆಯವರೆಗೂ ಬೀದಿಯಂಚಿಗೆ ನುಣ್ಣನೆಯ ಕಲ್ಲುಪುಡಿ ಹಾಕಿ ಗಟ್ಟಿಮಾಡುತ್ತಿದ್ದ.

"ಏನಯ್ಯಾ ಇದು? ಊರಿನ ಅಪ್ಪಣೆ ಬೇಡ್ವಾ?" ವರ್ನಾ ಕೂಗಿದಳು.

"ಗುಮಾಸ್ತೆ ನೀನೇ ಅಲ್ವಾ, ಕೊಡು."

"ಲೋ ಪೆದ್ದ, ಒಂದು ವರ್ಷದ ಡಾಂಬರಿನ ಕಂತಿಗಿಂತ ಇದಕ್ಕೇ ಜಾಸ್ತಿ ಸುರಿದಿದೀಯಲ್ಲೋ!"

"ಗೊತ್ತು." ಡೆಲ್ಮರ್ ಇಳಿದು ಟೋಪಿಯ ಧೂಳು ಕೊಡವಿದ. "ಆದ್ರೆ ಇದನ್ನ ಯಾರೂ ನನ್ನ ಕತ್ತು ಹಿಡಿದು ಮಾಡಿಸ್ಲಿಲ್ಲ. ಗಂಡನ್ನ ಕರ್ಕೊಂಡು ಬಾ. ಏಳಾಯ್ತು."

ವರ್ನಾ ಕುರ್ಚಿ ತಳ್ಳಿದಳು. ಗಾಲಿ ಎಲ್ಲೂ ನಿಲ್ಲಲಿಲ್ಲ.